ಸಂಘದ ಅರಿವೆ

"ತಡೀರಿ, ಎತ್ತಬ್ಯಾಡ್ರಿ!"

ಗದ್ದೆಮ್ಮ ಸಿದಿಗೆಯ ಬಿದಿರನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು. ಹೆಗಲು ಕೊಡಲು ಬಗ್ಗಿದ್ದ ನಾಲ್ವರೂ ಬಗ್ಗಿದಂತೆಯೇ ನಿಂತುಬಿಟ್ಟರು.

"ಇನ್ನ ಅರಿವಿ ಹೊದಿಸಿಲ್ಲ," ಎಂದಳು.

ಹೆಣದ ಮೇಲೆ ಬಿಳಿ ಧೋತರವಿತ್ತು, ಧೋತರದ ಮೇಲೆ ಹೂವಿತ್ತು. ಆದರೂ ಅವಳು ಕೇಳುತ್ತಿರುವುದು ಯಾವ ಅರಿವೆಯನ್ನು ಎಂಬುದು ಅಂಗಳದಲ್ಲಿದ್ದವರಿಗೆಲ್ಲ ಗೊತ್ತಿತ್ತು. ನೀಲಿ ಅರಿವೆ, ನಡುವೆ ಬಿಳಿ ಚಕ್ರ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಊರು ಸೇರಿದ ದಲಿತ ನೌಕರರ ಸಂಘದಲ್ಲಿ ಯಾರು ತೀರಿಕೊಂಡರೂ ಅದನ್ನು ಹೊದಿಸಿಯೇ ಹೆಣ ಎತ್ತುವುದು. ಕುಣಿಯ ಹತ್ತಿರ ಅದನ್ನು ತೆಗೆದು ಮುಂದಿನವರಿಗೆಂದು ಇಡುವುದು. ಇಪ್ಪತ್ತಾರು ವರ್ಷದಿಂದ ನಡೆದುಬಂದ ಪದ್ಧತಿ. ಅದನ್ನು ಅಷ್ಟೂ ವರ್ಷ ಕಂಕುಳಲ್ಲಿ ಇಟ್ಟುಕೊಂಡು ಊರೂರಿಗೆ ಬಸ್ಸಿನಲ್ಲಿ ತಂದವನು, ಮಣ್ಣಾದ ಮೇಲೆ ಮನೆಗೆ ಒಯ್ದು ಒಗೆದವನು, ಈಗ ಸಿದಿಗೆಯ ಮೇಲೆ ಮಲಗಿದ್ದ ಅವಳ ಗಂಡ ಯಂಕೋಬನೇ.

ಸಂಘದ ಅಧ್ಯಕ್ಷರಾದ ದುರುಗೇಶ ಮಾಸ್ತರು ನೆಲ ನೋಡಿದರು. ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಸಾವಿರ ಹುಡುಗರನ್ನು ಗದರಿಸಿದ ಗಂಟಲು. ಕೊನೆಗೆ ಕಾರ್ಯದರ್ಶಿ ಭೀಮೇಶನೇ ಮುಂದೆ ಬಂದ. ತಹಸೀಲ್ ಕಚೇರಿಯ ಗುಮಾಸ್ತ. ಯಾವ ಕಾಗದ ಯಾವ ಕಲಮಿನ ಕೆಳಗೆ ಬರುತ್ತದೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವನು.

"ಚಿಗವ್ವ, ಸಿಟ್ಟಾಗಬ್ಯಾಡ. ಅದು ಸದಸ್ಯರಿಗೆ ಅಷ್ಟ ಅಂತ ನಿಯಮ ಐತಿ. ಕಾಕಾ ಸದಸ್ಯ ಇದ್ದಿದ್ದಿಲ್ಲಲ್ಲ."

"ಏನು ಇದ್ದಿದ್ದಿಲ್ಲ?"

"ಖಾಯಂ ನೌಕರರಿಗೆ ಅಷ್ಟ ಸದಸ್ಯತ್ವ, ಚಿಗವ್ವ. ಕಾಕಾ ಹಾಸ್ಟೆಲ್‌ನ್ಯಾಗ ದಿನಗೂಲಿ ಮ್ಯಾಲ ಅಡಿಗಿ ಮಾಡ್ತಿದ್ದ. ಕಡೀತನಕ ಖಾಯಂ ಆಗಲಿಲ್ಲ."

ಅಪ್ಪನ ಕಾಲ ಬಳಿ ಕುಂತಿದ್ದ ದೀಪಾ ತಲೆ ಎತ್ತಿದಳು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ನರ್ಸು. ಕೆಲಸ ಖಾಯಂ ಆಗಿ, ಸಂಘ ಸೇರಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

"ಮುಂಜಾನೆ ಗ್ರೂಪಿನ್ಯಾಗ ಏನಂತ ಹಾಕೀರಿ ಸರ್? 'ನಮ್ಮ ಸದಸ್ಯೆ ದೀಪಾ ಅವರ ತಂದೆ ನಿಧನ.' ನಮ್ಮಪ್ಪಗ ಹೆಸರು ಇದ್ದಿದ್ದಿಲ್ಲೇನು?"

"ಹಂಗಲ್ಲವ್ವ. ನೀ ಸದಸ್ಯೆ ಇದ್ದಿ ಅಂತನ ನಾವೆಲ್ಲ ರಜಾ ಹಾಕಿ ಬಂದೀವಿ..."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಭೀಮೇಶನಿಗೆ ತಾನು ಆಡಿದ್ದೇನೆಂದು ಗೊತ್ತಾಗುವ ಹೊತ್ತಿಗೆ ಅಂಗಳದಲ್ಲಿದ್ದ ಹೆಂಗಸರ ಅಳುವೇ ನಿಂತುಹೋಗಿತ್ತು. ಗದ್ದೆಮ್ಮ ಮಾತ್ರ ಬಿದಿರು ಬಿಟ್ಟಿರಲಿಲ್ಲ.

"ಹಂಗಾದ್ರ ನೀವು ಹೋಗ್ರಿ," ಎಂದಳು. "ಅದನ್ನ ಹೊದಿಸದ ನಾ ಇವನ್ನ ಮನಿ ದಾಟಿಸಂಗಿಲ್ಲ. ಸಂಜಿ ಆಗಲಿ, ನಾಳಿ ಆಗಲಿ."

*

ಅರಿವೆ ಬಂದದ್ದೇ ಯಂಕೋಬನ ಮಾತಿನಿಂದ.

ಇಪ್ಪತ್ತಾರು ವರ್ಷದ ಹಿಂದೆ ಲಿಂಗಸುಗೂರಿನ ಒಂದು ಬಾಡಿಗೆ ಮನೆಯಲ್ಲಿ ಸಂಘದ ಮಾಸ್ತರರೊಬ್ಬರು ತೀರಿಕೊಂಡರು. ಜಾತಿ ಹೇಳದೆ ಹಿಡಿದ ಮನೆ. ಬದುಕಿದ್ದಾಗ ಆ ಓಣಿಯ ಮಕ್ಕಳಿಗೆ ಸಂಜೆ ಪಾಠ ಹೇಳುತ್ತಿದ್ದರು, ಎಲ್ಲರೂ 'ಸರ್ ಸರ್' ಎನ್ನುತ್ತಿದ್ದರು. ಸತ್ತ ದಿನ ಹಳ್ಳಿಯಿಂದ ಬಂದ ನೆಂಟರನ್ನು ಕಂಡು ಓಣಿಗೆ ಗೊತ್ತಾಯಿತು. ಹೆಣ ಮುಂಬಾಗಿಲಿನಿಂದ ಬೇಡ, ಹಿತ್ತಲಿನಿಂದ ಒಯ್ಯಿರಿ ಎಂದ ಮನೆಯೊಡೆಯ. ಹೊರಲು ಇದ್ದದ್ದೇ ಆರು ಜನ. ಹಿತ್ತಲ ಬಾಗಿಲು ಎಷ್ಟು ಸಣ್ಣದೆಂದರೆ ಸಿದಿಗೆಯನ್ನು ಓರೆ ಮಾಡಬೇಕಾಯಿತು. ಮಾಸ್ತರ ತಲೆ ಚೌಕಟ್ಟಿಗೆ ಬಡಿಯಿತು. ಹಿಂದೆ ಹೆಗಲು ಕೊಟ್ಟಿದ್ದ ಯಂಕೋಬ "ಎಪ್ಪಾ, ಪೆಟ್ಟಾತೇನ್ರಿ ಸರ್" ಎಂದು ಹೆಣವನ್ನೇ ಕೇಳಿಬಿಟ್ಟ. ಮುಂದೆ ಹೆಗಲು ಕೊಟ್ಟಿದ್ದ ದುರುಗೇಶ ಮಾಸ್ತರು ಆವತ್ತು ಊರ ಹೊರಗಿನವರೆಗೂ ಅಳುತ್ತ ನಡೆದರು.

ಮುಂದಿನ ರವಿವಾರ ಸಿಂಧನೂರಿನಲ್ಲಿ ಸಂಘ ಕೂಡಿತು. ಇಂಗ್ಲಿಷಿನಲ್ಲಿ ಖಂಡಿಸುವ ಠರಾವು ಮಾಡೋಣ ಎಂದರು, ಮೇಲಿನವರಿಗೆ ಮನವಿ ಕೊಡೋಣ ಎಂದರು. ಚಹಾ ತಂದಿಟ್ಟ ಯಂಕೋಬ ಬಾಗಿಲ ಬಳಿ ನಿಂತಿದ್ದ.

"ಸರ್, ಅದೆಲ್ಲ ಮಾಡ್ರಿ. ಅದರ ಜೋಡಿ ಒಂದು ಹೊದಿಕಿ ಮಾಡಿಸ್ರಿ. ದೂರದಿಂದ ನೋಡಿದ್ರ ಗೊತ್ತಾಗಬೇಕು, ಈ ಹೆಣದ ಹಿಂದ ಮಂದಿ ಅದಾರ ಅಂತ."

ಮಸ್ಕಿಯ ದರ್ಜಿ ಅಲ್ಲಾಭಕ್ಷ್ ಯಂಕೋಬನ ಗೋಡೆಗೆ ಗೋಡೆ ಹಚ್ಚಿದ ನೆರೆಯವನು. ಏಳು ಗಜ ನೀಲಿ ಬಟ್ಟೆಗೆ ಎರಡು ಪಟ್ಟು ಅಂಚು ಹೊಲಿದು ಕೊಟ್ಟ. ಚಕ್ರದ ಕಡ್ಡಿಗಳನ್ನು ಅವನ ಹೆಂಡತಿ ಹಾಜಿರಾಬೀ ಕೈಯಲ್ಲಿ ಹೊಲಿದಳು.

ಅದೇ ವರ್ಷ ಸಂಘದ ನಿಯಮಾವಳಿಯೂ ತಯಾರಾಯಿತು. ಗುತ್ತೇದಾರರು, ಪಕ್ಷದ ಮಂದಿ ಒಳಗೆ ನುಗ್ಗಬಾರದೆಂದು 'ಖಾಯಂ ನೌಕರರು ಮಾತ್ರ' ಎಂದು ಬರೆದರು. ಬರೆದವರದ್ದೂ ತಪ್ಪಲ್ಲ. ಮನೆತನದಲ್ಲೇ ಮೊದಲ ಸಲ ಸಂಬಳ ಎಣಿಸಿದವರು. ಖಾಯಂ ಎಂಬ ಮಾತಿಗೆ ಅವರ ಕೇರಿಯಲ್ಲಿ ದೇವರಿಗಿಂತ ಒಂದು ಕೈ ಹೆಚ್ಚು ಮರ್ಯಾದೆ. ಆ ಒಂದು ಮಾತು ಬಾಗಿಲ ಬಳಿ ನಿಂತವನನ್ನು ಬಾಗಿಲಲ್ಲೇ ನಿಲ್ಲಿಸಿತೆಂದು ಯಾರಿಗೂ ಹೊಳೆಯಲಿಲ್ಲ. ಯಂಕೋಬನಿಗೆ ಹೊಳೆದಿತ್ತೋ ಏನೋ. ಐದು ಸಲ ಅರ್ಜಿ ತುಂಬಿ ಕೊಟ್ಟ. ಐದು ಸಲವೂ "ಖಾಯಂ ಆಗ್ಲಿ ತಡಿ, ಆದ ದಿನಾನ ನಿನ್ನ ಹೆಸರು ಹಚ್ಚತೀವಿ" ಎಂದರು. ಅವನು "ಆಗ್ಲಿ ಬಿಡ್ರಿ ಸರ್" ಎಂದು ಚಹಾ ಲೋಟ ಎತ್ತಿಕೊಂಡು ಹೋದ.

*

"ಚಿಗವ್ವ, ನನ್ನ ಮಾತು ಒಂದು ಕೇಳು," ಭೀಮೇಶ ಗದ್ದೆಮ್ಮನ ಎದುರು ಕುಕ್ಕರುಗಾಲಲ್ಲಿ ಕುಂತ. ಅವನ ಕಣ್ಣೂ ಕೆಂಪಾಗಿದ್ದವು. "ನಾ ಹಾಸ್ಟೆಲ್‌ನ್ಯಾಗ ಏಳನೇತ್ತದಿಂದ ಹತ್ತನೇತ್ತದ ತನಕ ಕಾಕಾನ ಕೈಲೆ ಉಂಡೀನಿ. ನನಗ ಜ್ವರ ಬಂದಾಗ ತನ್ನ ಹಾಸಿಗ್ಯಾಗ ಮಲಗಿಸಿಕೊಂಡಾನ. ನನಗ ಮನಸ್ಸಿಲ್ಲೇನು? ಆದ್ರ ಹೋದ ವರ್ಷ ಅಂಜಲಿ ಗಂಡ ಸತ್ತಾಗ ನಾವು ಇಲ್ಲ ಅಂದೀವಿ. ಹೊರಗುತ್ತಿಗಿ ಡ್ರೈವರ್, ಅದಕ್ಕ. ಆಕಿಗೂ ಹಿಂಗ ಸಂಕಟ ಆಗಿತ್ತು. ಇವತ್ತು ಇಲ್ಲಿ ಹೊದಿಸಿದ್ರ ನಾಳಿ ಆಕಿ ಮುಖ ಹೆಂಗ ನೋಡಬೇಕು? ನಮ್ಮವರಿಗೊಂದು, ಮಂದಿಗೊಂದು ಆಗಂಗಿಲ್ಲೇನು?"

ಸುಳ್ಳು ಹೇಳಬಾರದು, ಮಾತಿನಲ್ಲಿ ತೂಕವಿತ್ತು.

"ನನ್ನ ಮುಖ ನಾಳಿ ಯಾಕ ನೋಡ್ತೀರಿ ಸರ್, ಇಲ್ಲೇ ಅದೀನಿ."

ಬೇವಿನ ಮರದ ಕೆಳಗಿನ ಹೆಂಗಸರ ನಡುವಿನಿಂದ ಅಂಜಲಿ ಎದ್ದು ನಿಂತಳು. ಮೂವತ್ತೂ ತುಂಬದ ಹೆಣ್ಣುಮಗಳು. ಸಿಂಧನೂರಿನಿಂದ ಸಿಕ್ಕ ಮೊದಲ ಬಸ್ಸಿಗೇ ಬಂದು ಬೆಳಗಿನಿಂದ ಹೂವಿನ ದಂಡೆ ಕಟ್ಟುತ್ತ ಕುಂತಿದ್ದಳು. ಭೀಮೇಶ ಅವಳನ್ನು ನೋಡಿರಲೇ ಇಲ್ಲ.

"ಆವತ್ತು ಇಲ್ಲ ಅಂತ ಹೇಳಾಕ ನೀವ್ಯಾರೂ ಬರಲಿಲ್ಲ. ಈ ಯಂಕೋಬಣ್ಣನ್ನ ಕಳಿಸಿದ್ರಿ. ಬಂದಾಂವ ಬಾಯಿ ಬಿಡಾಕ ಆಗದ ನಮ್ಮ ಹೊಸ್ತಿಲ ಮ್ಯಾಲ ಕುಂತು ಅತ್ತ. ಆಮ್ಯಾಲ ತನ್ನ ಹೆಗಲ ಮ್ಯಾಲಿನ ಟವೆಲ್ ತೆಗೆದು ನನ್ನ ಗಂಡನ ಎದಿ ಮ್ಯಾಲ ಹೊದಿಸಿದ. 'ಇದು ಸಂಘದ್ದಲ್ಲ ತಂಗಿ, ನಂದು' ಅಂದ." ಅಂಜಲಿ ಕೈಯಲ್ಲಿದ್ದ ದಂಡೆ ಕೆಳಗಿಟ್ಟಳು. "ನನ್ನ ಗಂಡಗ ಕೊಡಲಿಲ್ಲ, ಅದಕ್ಕ ಇವನಿಗೂ ಕೊಡಂಗಿಲ್ಲ ಅಂತ ನನ್ನ ಹೆಸರು ಹೇಳಬ್ಯಾಡ್ರಿ. ಹೊದಿಸ್ರಿ. ನನಗ ಏನೂ ಅನಸಂಗಿಲ್ಲ. ಹೊದಿಸಲಿಲ್ಲಂದ್ರ ಅನಸ್ತೈತಿ."

ದುರುಗೇಶ ಮಾಸ್ತರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಭೀಮೇಶ, ಸಾಕು. ಅರಿವಿ ತರಸು."

"ಸರ್, ನಿಯಮ..."

"ನಿಯಮ ಬರೆದಾಂವ ನಾನ. ಯಾವ ಕೈಲೆ ಬರೆದೆನೋ ಏನೋ. ಏ, ತರಸು ಅಂದ್ನಲ್ಲ!"

*

ಹೋದ ವರ್ಷ ಅಂಜಲಿಯ ಮನೆಯಿಂದ ಬಂದ ದಿನ ಯಂಕೋಬ ಊಟಕ್ಕೆ ಕುಂತವನು ರೊಟ್ಟಿ ಮುರಿಯಲೇ ಇಲ್ಲ.

"ಟವೆಲ್ ಎಲ್ಲಿ?" ಎಂದು ಗದ್ದೆಮ್ಮ ಕೇಳಿದಳು.

"ಕೊಟ್ಟು ಬಂದೆ."

ಯಾರಿಗೆ ಎಂದು ಅವಳು ಕೇಳಲಿಲ್ಲ. ಮನೆಯ ಸಾಮಾನು ಕೊಟ್ಟು ಬರುವುದು ಅವನಿಗೆ ಹೊಸದಲ್ಲ. ರವಿವಾರ ಬಂತೆಂದರೆ ಸಂಘದ ಕೋಣೆಯಲ್ಲಿ ಕುಂತು ಹಳ್ಳಿ ಮಕ್ಕಳ ಹಾಸ್ಟೆಲ್ ಅರ್ಜಿ ತುಂಬಿಸುತ್ತಿದ್ದ. ಯಾವ ಊರಿನ ಯಾವ ಹುಡುಗಿ ಏಳನೇ ಕ್ಲಾಸು ಮುಗಿಸಿದಳು, ಯಾರ ಮನೆಯಲ್ಲಿ ಮದುವೆ ಮಾಡಲು ಅವಸರ ಮಾಡುತ್ತಿದ್ದಾರೆ, ಎಲ್ಲ ಅವನಿಗೆ ಬಾಯಿಪಾಠ. ಸಾಹೇಬರುಗಳು ಸಹಿ ಹಾಕುವವರು; ಸಹಿಗೆ ಕಾಗದ ಹಿಡಿದು ಮೂರು ಊರು ಓಡಾಡುವವನು ಇವನು. ಗದ್ದೆಮ್ಮ ಸಿಟ್ಟು ಬಂದಾಗ "ಸಂಘ ನಿನ್ನ ಹಿರೇ ಹೆಂಡ್ತಿ, ನಾ ಕಿರೇಕಿ" ಎನ್ನುತ್ತಿದ್ದಳು. ಅವನು ನಗುತ್ತಿದ್ದ.

ಆವತ್ತು ನಗಲಿಲ್ಲ.

"ಗದ್ದಿ, ನನಗೂ ಹೊದಸಂಗಿಲ್ಲಲ್ಲ," ಎಂದ.

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಸಿಟ್ಟು ಬಂತು. "ಹೊದಿಸಲಿಲ್ಲಂದ್ರ ಬಿಡ್ಲಿ. ಸತ್ತ ಮ್ಯಾಲ ನೀಲಿ ಆದ್ರೇನು, ಕೆಂಪು ಆದ್ರೇನು?"

"ಹಂಗಲ್ಲ. ನಾನ ಒಗೀತೀನಲ್ಲ ಅದನ್ನ. ಒಗಿಯುವಾಗ ಒಂದೊಂದು ಸಲ ಹಂಗ ಅನಸ್ತೈತಿ, ಅಷ್ಟ."

ಅರಿವೆ ಒಗೆಯುವುದು ಒಗೆಯುತ್ತಿದ್ದ. ಹಿಂಡುವುದು ಮಾತ್ರ ಅವನೊಬ್ಬನಿಂದ ಆಗುತ್ತಿರಲಿಲ್ಲ. ಅಷ್ಟುದ್ದದ ದಪ್ಪ ಬಟ್ಟೆ. ಅವನೊಂದು ತುದಿ, ಗದ್ದೆಮ್ಮ ಒಂದು ತುದಿ ಹಿಡಿದು ಅಂಗಳದಲ್ಲಿ ಎದುರುಬದುರು ನಿಂತು ಹಿಂಡುವರು. ಮದುವೆಯಾದ ಮೇಲೆ ಇಬ್ಬರೂ ಸೇರಿ ಮಾಡಿದ ಕೆಲಸ ಅದೊಂದೇ ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು.

*

ಭೀಮೇಶ ಸಿಂಧನೂರಿಗೆ ಫೋನು ಹಚ್ಚಿದ. ಸಂಘದ ಕೋಣೆಯ ಕೀಲಿ ತೆಗೆಸಿದ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಅಲಮಾರದಾಗ ಇಲ್ಲಂತ ಸರ್. ಮ್ಯಾಲಿನ ಖಾನೆ, ಕೆಳಗಿನ ಖಾನೆ, ಎಲ್ಲಾ ನೋಡ್ಯಾರ."

"ಮೊನ್ನಿ ವೀರೇಶ ಮಾಸ್ತರ ಮಣ್ಣಿಗೆ ಲಿಂಗಸುಗೂರಿಗೆ ಒಯ್ದಿದ್ವಲ್ಲ. ಆಮ್ಯಾಲ ಎಲ್ಲಿ ಹೋತು?" ಮಾಸ್ತರು ಕೇಳಿದರು.

ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಕುಣಿಯ ಹತ್ತಿರ ತೆಗೆದು ಹಿಂದಕ್ಕೆ ಚಾಚಿದ್ದು ಎಲ್ಲರಿಗೂ ನೆನಪಿತ್ತು. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತದೆ, ಯಾರು ಒಗೆಯುತ್ತಾರೆ, ಮುಂದಿನ ಸಲಕ್ಕೆ ಅಷ್ಟು ಸ್ವಚ್ಛವಾಗಿ ಹೇಗೆ ಬರುತ್ತದೆ ಎಂದು ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಕೇಳುವ ಪ್ರಸಂಗವೇ ಬಂದಿರಲಿಲ್ಲ.

ದೀಪಾ ಒಳಗೆ ಟ್ರಂಕು ತೆಗೆದಳು, ಗೂಟ ನೋಡಿದಳು, ಅಪ್ಪನ ಚೀಲ ಸುರುವಿದಳು. ಗದ್ದೆಮ್ಮ ಏನು ಹೇಳಿಯಾಳು? ಐದು ದಿನದಿಂದ ಅವಳು ತವರೂರು ವಳಕಮದಿನ್ನಿಯಲ್ಲಿ ಭತ್ತದ ನಾಟಿಗೆ ಹೋಗಿದ್ದಳು. ನಸುಕಿನಲ್ಲಿ ಎದೆ ಹಿಡಿದುಕೊಂಡು ಬಿದ್ದನಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋದನಂತೆ ಎಂದು ಫೋನು ಬಂದಾಗ ಮೊಳಕಾಲಿನವರೆಗೆ ಕೆಸರಲ್ಲಿದ್ದಳು. ಅವಳ ಸೀರೆಯ ಅಂಚಿನಲ್ಲಿ ಆ ಕೆಸರು ಒಣಗಿ ಬೆಳ್ಳಗಾಗಿ ಇನ್ನೂ ಇತ್ತು.

"ಅರೇ ಗದ್ದೆಮ್ಮಾ! ಇಲ್ಲಿ ಬಾರವ್ವಾ!"

ಬಚ್ಚಲಿನಿಂದ ಕೂಗಿದ್ದು ಹಾಜಿರಾಬೀ. ಕೈಕಾಲು ತೊಳೆಯುವವರಿಗೆ ನೀರು ತುಂಬಿಡಲು ಹೋದವಳು ಮೂಲೆಯ ದೊಡ್ಡ ಬಕೀಟಿನ ಮೇಲಿದ್ದ ಬುಟ್ಟಿ ಸರಿಸಿದ್ದಳು. ಒಳಗೆ ಸಾಬೂನಿನ ನೊರೆ ಒಡೆದ ನೀರು, ನೀರಿನೊಳಗೆ ಅರಿವೆ.

"ಯಾ ಅಲ್ಲಾ, ನನ್ನ ಕೈ ಹೊಲಿಗಿ ನನಗ ಗೊತ್ತಾಗಂಗಿಲ್ಲೇನು," ಎಂದು ಅವಳು ಚಕ್ರದ ಅಂಚು ಎತ್ತಿ ಹಿಡಿದಳು. "ನಿನ್ನಿ ಸಂಜಿಮುಂದ ಏನೋ ನೆನಿ ಹಾಕಾಕತ್ತಿದ್ದ ನೋಡು. ಇವತ್ತ ಒಗದು ಹಾಕಬಾರದೇನು ಅಂದ್ರ, 'ಒಗೀತೀನಿ, ಹಿಂಡಾಕ ಜೋಡಿ ಬೇಕಲ್ಲಬೇ. ನಾಳಿ ಗದ್ದಿ ಬರ್ತಾಳ' ಅಂದ."

ಬೆಳಗಿನಿಂದ ಗದ್ದೆಮ್ಮ ಅತ್ತಿದ್ದಳು, ಕೂಗಿದ್ದಳು, ಎದೆ ಬಡಿದುಕೊಂಡಿದ್ದಳು. ಈಗ ಸುಮ್ಮನೆ ಬಕೀಟಿನ ಬಳಿ ಕುಂತಳು. ನೀರಿನಲ್ಲಿ ಕೈ ಇಟ್ಟಳು. ತಣ್ಣಗಿತ್ತು.

"ನಾ ನಿನ್ನೆನ ಬರೂದಿತ್ತು," ಎಂದಳು. "ಇನ್ನೊಂದು ದಿನದ ಕೂಲಿ ಆಗ್ಲಿ ಅಂತ ಉಳಕೊಂಡೆ."

ಭೀಮೇಶ ಪ್ಯಾಂಟು ಮಡಚಿ, ತೋಳು ಏರಿಸಿ, ಅರಿವೆಯನ್ನು ಎತ್ತಿ ಒಗೆಯುವ ಕಲ್ಲಿನ ಮೇಲೆ ಹಾಕಿದ. ಲಿಂಗಸುಗೂರಿನ ಎರೆಮಣ್ಣು ಇನ್ನೂ ಅಂಚಿಗೆ ಅಂಟಿತ್ತು. ಉಜ್ಜಿದ. ಕಚೇರಿಯಲ್ಲಿ ಪೆನ್ನು ಹಿಡಿದ ಕೈ, ಉಜ್ಜುವುದೂ ಸರಿಯಾಗಿ ಬರುತ್ತಿರಲಿಲ್ಲ. ಉಜ್ಜುತ್ತ ಉಜ್ಜುತ್ತ ಅವನಿಗೆ ಅಳು ಬಂತು. ಮುಖ ಎತ್ತದೆ ಗೊಳೋ ಎಂದು ಅತ್ತ.

ಹಿಂಡುವಾಗ ಗದ್ದೆಮ್ಮ ಒಂದು ತುದಿ ಹಿಡಿದಳು, ಅವನೊಂದು ತುದಿ. ಅವನು ತಿರುವಿದಷ್ಟೂ ಅರಿವೆ ಹಗ್ಗದಂತೆ ಸುಮ್ಮನೆ ಉರುಳುತ್ತಿತ್ತೇ ಹೊರತು ಹಿಂಡಿಕೊಳ್ಳಲಿಲ್ಲ.

"ಬಲಕ್ಕ ತಿರುವಪ್ಪ," ಗದ್ದೆಮ್ಮ ಮೆಲ್ಲಗೆ ಹೇಳಿದಳು. "ನಾ ನನ್ನ ಬಲಕ್ಕ, ನೀ ನಿನ್ನ ಬಲಕ್ಕ. ಅವನೂ ಮೊದಮೊದಲು ಎಡಕ್ಕ ತಿರುವ್ತಿದ್ದ."

ಒಣಗಿಸಲು ಹೊತ್ತಿರಲಿಲ್ಲ. ಆದರೂ ಮಾಸ್ತರು, ಭೀಮೇಶ, ದೀಪಾ, ಅಂಜಲಿ ನಾಲ್ಕು ಮೂಲೆ ಹಿಡಿದು ಬಿಸಿಲಿಗೆ ಚಾಚಿ ನಿಂತರು. ಮೂರೂ ಊರಿನಿಂದ ಬಂದ ಗುಮಾಸ್ತರು, ಮಾಸ್ತರರು, ಇಂಜಿನಿಯರು ಸರದಿಯ ಮೇಲೆ ಮೂಲೆ ಹಿಡಿದರು. ಅರ್ಧ ತಾಸಾದರೂ ಮಧ್ಯಭಾಗ ಹಸಿಯಾಗಿಯೇ ಇತ್ತು.

"ಹಸಿ ಅರಿವಿ ಹೊದಿಸಬಾರದೇನೋ, ಚಿಗವ್ವ," ಭೀಮೇಶ ಅಳುಕಿದ.

"ಹೊದಿಸ್ರಿ," ಎಂದಳು ಗದ್ದೆಮ್ಮ. "ಬಿಸಿಲಾಗ ಭಾಳ ತಿರುಗ್ಯಾನ. ತಣ್ಣಗ ಆಗ್ಲಿ."

ಹೊದಿಸಿದರು. ದೀಪಾ ಫೋನು ತೆಗೆದು ಗ್ರೂಪಿನಲ್ಲಿ ಬೆಳಗಿನ ಸಂದೇಶದ ಕೆಳಗೆ 'ಯಂಕೋಬ' ಎಂದು ಒಂದೇ ಮಾತು ಬರೆದಳು. ಗದ್ದೆಮ್ಮ ಬಿದಿರಿನಿಂದ ಕೈ ತೆಗೆದಳು.

*

ಹಳ್ಳದ ದಂಡೆಯ ಕುಣಿಯವರೆಗೆ ದೊಡ್ಡ ಮೆರವಣಿಗೆಯೇ ಆಯಿತು. ಬಸ್ ನಿಲ್ದಾಣದ ಮುಂದೆ ಒಂದು ಬಸ್ಸು ಅವರಿಗಾಗಿ ನಿಂತಿತು. "ಯಾರೋ ದೊಡ್ಡ ಸಾಹೇಬ್ರು ಇರಬೇಕು" ಎಂದು ಕಿಟಕಿಯಲ್ಲಿದ್ದ ಮುದುಕಿಯೊಬ್ಬಳು ಕೈ ಮುಗಿದಳು. ಅಂಜಲಿಗೆ ಅದು ಕೇಳಿಸಿತು. ಅವಳು ತಿದ್ದಲಿಲ್ಲ.

ಸಿದಿಗೆ ಇಳಿಸಿದರು. ಬುದ್ಧವಂದನೆ ಹೇಳಿದರು, ಒಬ್ಬೊಬ್ಬರೇ ಬಂದು ಹೂವು ಹಾಕಿದರು. ಕಟ್ಟಕಡೆಗೆ ದುರುಗೇಶ ಮಾಸ್ತರು ಪದ್ಧತಿಯಂತೆ ತಲೆಯ ಕಡೆಯಿಂದ ಅರಿವೆ ತೆಗೆದರು. ಧೋತರದ ಎದೆಯ ಮೇಲೆ ಹಸಿಯ ಗುರುತು ಮೂಡಿತ್ತು. ಮಾಸ್ತರು ಅರಿವೆಯನ್ನು ನಾಲ್ಕಾಗಿ ಮಡಚಿದರು, ಎಂಟಾಗಿ ಮಡಚಿದರು. ಕಣ್ಣು ಕುಣಿಯ ಮೇಲೆಯೇ ಇತ್ತು. ಹಿಂದಿರುಗಿ ನೋಡದೆ, ಯಾವಾಗಿನಂತೆ, ಅರಿವೆ ಹಿಡಿದ ಎಡಗೈಯನ್ನು ಬೆನ್ನ ಹಿಂದಕ್ಕೆ ಚಾಚಿದರು.

"ಯಂಕೋಬ, ತಗೋ," ಎಂದರು.

ಹಿಂದೆ ನೂರು ಜನ ನಿಂತಿದ್ದರು. ಮಾಸ್ತರ ಕೈ ಹಾಗೆಯೇ ಚಾಚಿಕೊಂಡಿತ್ತು.